ಎಚ್‌ಐವಿ ಇರುವ ಹೆಂಗಸಿನ ಬಸಿರು: ಆಸ್ಪತ್ರೆಯಲ್ಲಿ ಒಂದು ಲೆಕ್ಕ, ಮನೆಯಲ್ಲಿ ಇನ್ನೊಂದು

ಎಚ್‌ಐವಿ ಇದ್ದವ್ರಿಗೆ ಮಗು ಮಾಡ್ಕೊಳ್ಳಿಕ್ಕೆ ಆಗ್ತದಾ ಅಂತ ಈಗ್ಲೂ ತುಂಬ ಜನ ಕೇಳ್ತಾರೆ. ಆಗ್ತದೆ. ಎಚ್‌ಐವಿ ಇಲ್ಲದ ಆರೋಗ್ಯದ ಮಗು ಆಗ್ತದೆ, ನಾರ್ಮಲ್ ಡೆಲಿವರಿಯೇ ಆಗ್ಬಹುದು, ಎದೆಹಾಲೂ ಕೊಡ್ಬಹುದು. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ ಸಿಗ್ತದೆ, ಮಂಗಳೂರಿನ ವೆನ್ಲಾಕ್‌ನಲ್ಲಿ ಉಂಟು, ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಉಂಟು. ಇಷ್ಟು ಹೇಳಿದ ಮೇಲೆ ವಿಷಯ ಮುಗೀಬೇಕಿತ್ತು, ಆದ್ರೆ ಮುಗಿಯುದಿಲ್ಲ, ಯಾಕಂದ್ರೆ ನಮ್ಮ ಕಡೆ ಒಬ್ಬಳು ಬಸಿರಾಗ್ಬೇಕಾ ಬೇಡ್ವಾ ಅನ್ನುದ್ರಲ್ಲಿ ಗಂಡ ಇರ್ತಾನೆ, ಅತ್ತೆ ಇರ್ತಾರೆ, ತಾಯಿ ಇರ್ತಾರೆ, ತಾಯಿಯ ಅಣ್ಣತಮ್ಮಂದಿರು ಇರ್ತಾರೆ, ಮದುವೆ ಆಗಿ ಬೇರೆ ಮನೆಗೆ ಹೋದ ನಾದಿನಿಯೂ ಫೋನಲ್ಲಿ ಇರ್ತಾಳೆ. ಇವ್ರಲ್ಲಿ ಕೆಲವ್ರಿಗೆ ಅವಳ ಎಚ್‌ಐವಿ ವಿಷಯ ಗೊತ್ತಿರ್ತದೆ, ಕೆಲವ್ರಿಗೆ ಗೊತ್ತಿರುದಿಲ್ಲ. ಅವಳು ಮಗು ಬೇಕು ಅಂತಾಳಾ ಬೇಡ ಅಂತಾಳಾ ಅನ್ನುದನ್ನ ವೈರಸ್ಸಿಗಿಂತ ಜಾಸ್ತಿ ತೀರ್ಮಾನ ಮಾಡುದು ಇದೇ, ಮನೆಯಲ್ಲಿ ಯಾರಿಗೆ ಗೊತ್ತುಂಟು, ಯಾರಿಗೆ ಗೊತ್ತಿಲ್ಲ ಅನ್ನುದು. ನಾನು ಇಲ್ಲಿ ಬಿಡಿಸಿ ಹೇಳ್ಬೇಕು ಅಂತಿರುದು ಅದನ್ನೇ.

ಮೊದ್ಲು ಮೆಡಿಕಲ್ ಭಾಗ ಹೇಳಿಬಿಡ್ತೇನೆ, ಅದು ಗೊತ್ತಿಲ್ಲದಿದ್ರೆ ಉಳಿದದ್ದು ಅರ್ಥ ಆಗ್ಲಿಕ್ಕಿಲ್ಲ. ಎಂತ ಔಷಧಿಯೂ ಇಲ್ಲದಿದ್ರೆ ತಾಯಿಯಿಂದ ಮಗುವಿಗೆ ಎಚ್‌ಐವಿ ಹೋಗುವ ಸಾಧ್ಯತೆ 100ರಲ್ಲಿ 15ರಿಂದ 45. ಹೊಟ್ಟೆಯಲ್ಲಿರುವಾಗ, ಹೆರಿಗೆಯ ಹೊತ್ತಲ್ಲಿ, ಎದೆಹಾಲಲ್ಲಿ, ಈ ಮೂರೂ ದಾರಿ ಸೇರಿಸಿದ ಲೆಕ್ಕ ಅದು. ತಾಯಿ ಬಸಿರಾಗುವ ಮೊದ್ಲಿಂದ್ಲೇ ಎಆರ್‌ಟಿ ಮಾತ್ರೆ, ಅಂದ್ರೆ ಎಚ್‌ಐವಿಯನ್ನ ಹಿಡಿತದಲ್ಲಿಡುವ ಔಷಧಿ, ತಗೊಳ್ತಾ ಇದ್ದು ರಕ್ತದಲ್ಲಿ ವೈರಸ್ ಪತ್ತೆಯೇ ಆಗದಷ್ಟು ಕಮ್ಮಿ ಆಗಿದ್ರೆ ಹೆರಿಗೆವರೆಗಿನ ಅಪಾಯ 100ರಲ್ಲಿ 1ಕ್ಕಿಂತ ಕೆಳಗೆ ಬರ್ತದೆ, ಹಾಲು ಕುಡಿಸುವಾಗ್ಲೂ ಮಾತ್ರೆ ತಪ್ಪಿಸದಿದ್ರೆ ಅದೂ ತುಂಬ ಕಮ್ಮಿಯೇ ಉಳೀತದೆ. ನಮ್ಮ ದೇಶದಲ್ಲಿ ಫ್ರೀ ಎಆರ್‌ಟಿ ಶುರು ಆದದ್ದು 2004ರ ಏಪ್ರಿಲ್‌ನಲ್ಲಿ, ಆಗ ಸಿಡಿ4, ಅಂದ್ರೆ ರಕ್ತದಲ್ಲಿ ರೋಗ ತಡೆಯುವ ಕಣಗಳ ಲೆಕ್ಕ, ತುಂಬ ಇಳಿದವ್ರಿಗೆ ಮಾತ್ರ ಮಾತ್ರೆ ಕೊಡ್ತಿದ್ರು. 2014ರಿಂದ ಎಚ್‌ಐವಿ ಇರುವ ಎಲ್ಲ ಬಸುರಿಯರಿಗೆ ಸಿಡಿ4 ನೋಡದೆ ಜೀವನಪೂರ್ತಿ ಔಷಧಿ ಅಂತಾಯ್ತು, 2017ರಲ್ಲಿ ಪಾಸಿಟಿವ್ ಬಂದ ಎಲ್ಲರಿಗೂ ಅದೇ ನಿಯಮ. ಈಗ ಹೆಚ್ಚಿನವ್ರಿಗೆ ದಿನಕ್ಕೆ ಒಂದೇ ಮಾತ್ರೆ, ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ್ದು. ಈ ಡೊಲುಟೆಗ್ರಾವಿರ್‌ನಿಂದ ಮಗುವಿನ ಬೆನ್ನುಹುರಿಗೆ ತೊಂದರೆ ಆಗ್ತದಾ ಅಂತ 2018ರಲ್ಲಿ ಆಫ್ರಿಕಾದ ಬೋಟ್ಸ್‌ವಾನಾದಿಂದ ಒಂದು ಆತಂಕ ಎದ್ದಿತ್ತು, ಇನ್ನೂ ಜಾಸ್ತಿ ಹೆರಿಗೆಗಳ ಲೆಕ್ಕ ಬಂದ ಮೇಲೆ ಆ ಆತಂಕ ದೂರ ಆಯ್ತು, ಈಗ ಬಸುರಿಯರಿಗೂ ಅದನ್ನೇ ಕೊಡುದು.

ಗಂಡಹೆಂಡತಿಯಲ್ಲಿ ಒಬ್ರಿಗೆ ಮಾತ್ರ ಎಚ್‌ಐವಿ ಇದ್ರೆ ಎಂತ? ಇದ್ದವ್ರ ವೈರಲ್ ಲೋಡ್, ಅಂದ್ರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಪತ್ತೆಯಾಗದ ಮಟ್ಟದಲ್ಲೇ ಉಳಿದಿದ್ರೆ ಕಾಂಡೋಮ್ ಇಲ್ಲದೆ ಸೇರಿದ್ರೂ ಇನ್ನೊಬ್ರಿಗೆ ಹೋಗುದಿಲ್ಲ. ಯುರೋಪಿನಲ್ಲಿ ನಡೆದ ಪಾರ್ಟ್‌ನರ್ ಅನ್ನುವ ಅಧ್ಯಯನದ 2016ರ ವರದಿಯಲ್ಲಿ ಅಂಥ ಸುಮಾರು 58,000 ಸಲದ ಲೆಕ್ಕ ಉಂಟು, ಪಾಸಿಟಿವ್ ಇರುವ ಸಂಗಾತಿಯಿಂದ ಒಂದೇ ಒಂದು ಸೋಂಕೂ ದಾಟಿರ್ಲಿಲ್ಲ. ಅಂದ್ರೆ ಮಗು ಮಾಡ್ಕೊಳ್ಳಿಕ್ಕೆ ಐವಿಎಫ್ ಅಂತ ಲಕ್ಷಗಟ್ಲೆ ಸುರಿಯುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಆರು ತಿಂಗಳು ವೈರಲ್ ಲೋಡ್ ಹಿಡಿತದಲ್ಲಿರ್ಬೇಕು, ಟಿಬಿ ಮತ್ತು ಗುಪ್ತರೋಗ ಇಲ್ಲ ಅಂತ ನೋಡ್ಕೊಳ್ಬೇಕು, ಫೋಲಿಕ್ ಆಸಿಡ್ ಶುರು ಮಾಡ್ಬೇಕು, ಮತ್ತೆ ಪ್ರಯತ್ನ ಮಾಡ್ಬಹುದು.

ಇದಿಷ್ಟನ್ನ ಒಳ್ಳೆ ಕೌನ್ಸೆಲರ್ ಒಬ್ರು ಅರ್ಧ ಗಂಟೆಯಲ್ಲಿ ಚೆಂದ ಮಾಡಿ ಹೇಳ್ತಾರೆ. ಅವಳು ಹೊರಗೆ ಬಂದು ಬಸ್ಸಲ್ಲಿ ಕೂತ ಮೇಲೆ ಶುರು ಆಗುದು ಬೇರೆ ಲೆಕ್ಕ.

ಗಂಡನಿಂದ ಶುರು ಮಾಡುವ. ಎಷ್ಟೋ ಹೆಂಗಸರಿಗೆ ತಮಗೆ ಎಚ್‌ಐವಿ ಉಂಟು ಅಂತ ಗೊತ್ತಾಗುದೇ ಮೊದಲ ಬಸಿರಲ್ಲಿ, ಯಾಕಂದ್ರೆ ತಾಯಿ ಕಾರ್ಡ್ ಮಾಡಿಸುವಾಗ ಬಸುರಿಯ ರಕ್ತ ಪರೀಕ್ಷೆ ಆಗ್ತದೆ, ಗಂಡನದ್ದು ಅಷ್ಟು ಸುಲಭಕ್ಕೆ ಆಗುದಿಲ್ಲ. ಹಾಗಾಗಿ ಸೋಂಕು ಮನೆಗೆ ಬಂದದ್ದು ಅವನಿಂದ್ಲೇ ಆದ್ರೂ ಮೊದ್ಲು ಹೆಸರು ಬರುದು ಅವಳದ್ದು. ಮೊದ್ಲು ಪರೀಕ್ಷೆ ಆದವಳೇ ತಂದವಳು ಅಂತ ಮನೆಯವ್ರು ತೀರ್ಮಾನ ಮಾಡಿಬಿಟ್ರೆ ಆ ಬಸಿರಿನ ಗತಿಯೇ ಬದಲಾಗ್ತದೆ, ತವರಿಗೆ ಕಳಿಸ್ತಾರೆ, ತೆಗೆಸು ಅಂತಾರೆ, ಅಥವಾ ಮಗು ಆಗ್ಲಿ ಮತ್ತೆ ನೋಡುವ ಅಂತ ಅವಳನ್ನ ನೇತಾಡಿಸಿ ಇಡ್ತಾರೆ. ಇದಕ್ಕೇ ಗಂಡಹೆಂಡತಿ ಇಬ್ಬರ ಪರೀಕ್ಷೆಯೂ ಒಟ್ಟಿಗೆ ಒಂದೇ ದಿನ ಆಗ್ಬೇಕು ಅಂತ ನಾನು ಗಟ್ಟಿಯಾಗಿ ಹೇಳುದು. ಇಬ್ರೂ ಕೂತು ಒಟ್ಟಿಗೆ ರಿಪೋರ್ಟ್ ಕೇಳಿಸ್ಕೊಂಡ ಮನೆಯಲ್ಲಿ ಯಾರಿಂದ ಬಂತು ಅನ್ನುವ ಜಗಳಕ್ಕೆ ಅಷ್ಟು ಜಾಗ ಇರುದಿಲ್ಲ.

ಇನ್ನು ನಮ್ಮ ಕರಾವಳಿಯಲ್ಲಿ ಗಂಡ ಮನೆಯಲ್ಲೇ ಇರ್ತಾನೆ ಅಂತ ಹೇಳ್ಲಿಕ್ಕಾಗುದಿಲ್ಲ. ಮುಂಬೈ ಹೋಟೆಲ್, ಬೋಟು, ದುಬೈ, ಕುವೈತ್. ಗಲ್ಫ್ ವೀಸಾದ ಮೆಡಿಕಲ್‌ನಲ್ಲಿ ಎಚ್‌ಐವಿ ಟೆಸ್ಟ್ ಉಂಟು, ಪಾಸಿಟಿವ್ ಬಂದ್ರೆ ವೀಸಾ ಇಲ್ಲ, ಹಾಗಾಗಿ ಒಬ್ಬ ಅನ್‌ಫಿಟ್ ಆಗಿ ವಾಪಸ್ ಬಂದ ಅಂದ್ರೆ ಯಾರೂ ಹೇಳದೆಯೇ ಊರವ್ರು ಊಹಿಸ್ಲಿಕ್ಕೆ ಶುರು ಮಾಡ್ತಾರೆ. ಇದರ ಉಲ್ಟಾ ಮನೆಯೂ ಉಂಟು. ಹೆಂಡತಿ ಪಾಸಿಟಿವ್, ಗಂಡ ನೆಗೆಟಿವ್, ಅವನು ದುಬೈಯಲ್ಲಿ, ಇಬ್ರಿಗೂ ವಿಷಯ ಗೊತ್ತು, ಅತ್ತೆಗೆ ಗೊತ್ತಿಲ್ಲ ಅಂತ ಇಟ್ಕೊಳ್ಳಿ. ವರ್ಷಕ್ಕೋ ಎರಡು ವರ್ಷಕ್ಕೋ ಒಂದು ತಿಂಗಳ ರಜೆ. ಅವಳ ವೈರಲ್ ಲೋಡ್ ರಿಪೋರ್ಟ್ ಆ ರಜೆಯ ಮೊದ್ಲು ಬಂದಿರ್ಬೇಕು, ಆರು ತಿಂಗಳ ಹಿಂದಿನಿಂದ ಮಾತ್ರೆ ಸರಿಯಾಗಿ ಹೋಗಿರ್ಬೇಕು, ಇಷ್ಟೆಲ್ಲ ಅವರಿಬ್ರೇ ವಾಟ್ಸಾಪ್‌ನಲ್ಲಿ ಪ್ಲಾನ್ ಮಾಡ್ತಾ ಇರುವಾಗ ಅತ್ತೆ ಕಳೆದ ರಜೆಯಲ್ಲೇ ಆಗ್ಬೇಕಿತ್ತು, ಡಾಕ್ಟರಿಗೆ ತೋರಿಸು ಅಂತ ಅಡುಗೆಮನೆಯಲ್ಲಿ ದಿನಾ ಹೇಳ್ತಾ ಇರ್ತಾರೆ. ಡಾಕ್ಟರ್ ಇನ್ನೂ ಸ್ವಲ್ಪ ಸಮಯ ಕಾಯಿರಿ ಅಂದ್ರೆ ಅವಳಿಗೆ ಕಾಯ್ಲಿಕ್ಕೆ ಆಗುದೇ ಇಲ್ಲ, ಮುಂದಿನ ರಜೆ ಯಾವಾಗ್ಲೋ. ಕಾಯದೆ ಹೋದವಳನ್ನ ಹೇಳಿದ್ದು ಕೇಳುದಿಲ್ಲ ಅಂತ ಬೈದ್ರೆ ಪ್ರಯೋಜನ ಇಲ್ಲ, ರಜೆಯ ತಾರೀಕು ಮೊದ್ಲೇ ಕೇಳಿ ಟೆಸ್ಟನ್ನ ಅದಕ್ಕೆ ಸರಿಯಾಗಿ ಇಟ್ರೆ ಕೆಲಸ ಆಗ್ತದೆ.

ಗುಟ್ಟಿನ ಒಂದು ವಿಚಿತ್ರ ಏನಂದ್ರೆ ಮಗು ಬೇಡ ಅಂತ ಸುಮ್ಮನಿದ್ರೂ ಅದು ಬಯಲಾಗುವ ಭಯ ಉಂಟು. ಮದುವೆ ಆಗಿ ಎರಡು ವರ್ಷ ಆಯ್ತು, ವಿಶೇಷ ಎಂತ ಇಲ್ವಾ, ಅಂತ ಮದುವೆಮನೆ, ಮುಂಜಿಮನೆ, ಇಗರ್ಜಿ, ದರ್ಗಾದ ಉರೂಸು ಎಲ್ಲ ಕಡೆ ಕೇಳುವವ್ರಿದ್ದಾರೆ. ಅದಕ್ಕೆ ಒಂದು ಕಾರಣ ಕೊಡ್ಬೇಕಲ್ಲ. ಮಗು ಆದ್ರೆ ಆ ಪ್ರಶ್ನೆ ನಿಲ್ತದೆ, ಎಲ್ಲರ ಮನೆ ಹಾಗೆ ನಮ್ಮ ಮನೆಯೂ ಅಂತ ಆಗ್ತದೆ. ಹಾಗಾಗಿ ಕೆಲವರು ಮಗು ಮಾಡ್ಕೊಳ್ಳುದ್ರಲ್ಲಿ ಮಗುವಿನ ಆಸೆಯೂ ಉಂಟು, ಗುಟ್ಟು ಉಳಿಸ್ಕೊಳ್ಳುವ ಆಸೆಯೂ ಉಂಟು, ಎರಡನ್ನ ಬೇರೆ ಮಾಡ್ಲಿಕ್ಕೆ ಅವರಿಗೇ ಆಗುದಿಲ್ಲ. ಇದನ್ನ ತಪ್ಪು ಅಂತ ನಾನಂತೂ ಹೇಳುದಿಲ್ಲ. ಬೇರೆಯವ್ರೂ ಮಗು ಮಾಡ್ಕೊಳ್ಳುದು ಒಂದೇ ಕಾರಣಕ್ಕಾ? ವಿಷಯ ಗೊತ್ತಿರುವ ಮನೆಯಲ್ಲಿ ಒತ್ತಡ ಇನ್ನೊಂದು ಕಡೆಯಿಂದ ಬರ್ತದೆ, ನಿಂಗೆ ಇದು ಬೇಕಿತ್ತಾ, ಆ ಮಗುವಿಗೆ ಯಾಕೆ ಕಷ್ಟ ಕೊಡ್ತಿ, ನಾಳೆ ನಿಂಗೆ ಏನಾದ್ರೂ ಆದ್ರೆ ಅದನ್ನ ನಾವೇ ನೋಡ್ಬೇಕಲ್ಲ ಅಂತ. ಆ ಕೊನೆ ಮಾತು ಹಳೇ ಕಾಲದ್ದು. ಬೇಗ ಪತ್ತೆಯಾಗಿ ಮಾತ್ರೆ ಬಿಡದೆ ತಗೊಂಡವ್ರು ಈಗ ಬೇರೆಯವ್ರ ಹತ್ತಿರ ಹತ್ತಿರ ಅಷ್ಟೇ ಆಯುಷ್ಯ ಬದುಕ್ತಾರೆ, ಮಕ್ಕಳ ಮದುವೆ ಮಾಡಿಸಿ ಮೊಮ್ಮಕ್ಕಳನ್ನ ನೋಡ್ತಾರೆ. 1990ರ ದಶಕದಲ್ಲಿ ಕಣ್ಣೆದುರೇ ಹೋದವ್ರನ್ನ ನೋಡಿದ ಅತ್ತೆಯೋ ಚಿಕ್ಕಮ್ಮನೋ ಹೆದರುದು ಸಹಜ, ಅವ್ರಿಗೆ ಹೊಸ ವಿಷಯ ಯಾರೂ ಕೂತು ಹೇಳ್ಲಿಲ್ಲ ಅಷ್ಟೇ.

ತುಳುನಾಡಿನ ಇನ್ನೊಂದು ಎಳೆ ಹೊರಗಿನವ್ರಿಗೆ ಬೇಗ ಕಾಣುದಿಲ್ಲ. ಬಂಟರು, ಬಿಲ್ಲವರು, ಮೊಗವೀರರು ಹೀಗೆ ಅಳಿಯಕಟ್ಟಿನ ಮನೆಗಳಲ್ಲಿ ಬರಿ, ಅಂದ್ರೆ ಕುಲ, ಹೋಗುದು ತಾಯಿಯ ಕಡೆಯಿಂದ, ಮಗಳಿದ್ರೆ ಮಾತ್ರ ಕುಟುಂಬ ಮುಂದೆ ಹೋಗ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯ ಲೆಕ್ಕ ಬೇರೆಯೇ ಆಗಿದೆ, ಆದ್ರೂ ತರವಾಡು ಮನೆಯ, ಅಂದ್ರೆ ಕುಟುಂಬದ ಮೂಲಮನೆಯ, ತಂಬಿಲದ ಪೂಜೆಗೆ, ದೈವದ ನೇಮಕ್ಕೆ ಎಲ್ಲ ಸೇರಿದಾಗ ಯಾವ ಹೆಣ್ಮಗಳಿಗೆ ಎಷ್ಟು ಮಕ್ಕಳು, ಹೆಣ್ಣೆಷ್ಟು ಅನ್ನುವ ಲೆಕ್ಕ ಈಗ್ಲೂ ಆಗ್ತದೆ. ಒಬ್ಬಳೇ ಮಗಳಿರುವ ಮನೆಯಲ್ಲಿ ಆ ಮಗಳಿಗೇ ಎಚ್‌ಐವಿ ಅಂದ್ರೆ ಮಗು ಬೇಡ ಅನ್ನುವ ತೀರ್ಮಾನ ಅವಳ ಸ್ವಂತದ್ದಾಗಿ ಉಳಿಯುದು ಕಷ್ಟ, ಅವಳ ತಾಯಿಯೇ ಒಂದು ಹೆಣ್ಣಾದ್ರೂ ಆಗ್ಲಿ ಅಂತ ಕೇಳ್ಬಹುದು. ಆದ್ರೆ ಇದೇ ಕಟ್ಟಿನಿಂದ ಒಂದು ಬಲವೂ ಸಿಗ್ತದೆ. ಗಂಡನ ಮನೆಯಲ್ಲಿ ಹೊರಗೆ ಹಾಕಿದ್ರೆ ತವರು ಮನೆಯಲ್ಲಿ ಅವಳಿಗೆ, ಅವಳ ಮಕ್ಕಳಿಗೆ ಜಾಗ ಉಂಟು ಅನ್ನುವ ಭಾವನೆ ಇಲ್ಲಿ ಬೇರೆ ಊರಿಗಿಂತ ಗಟ್ಟಿ. ತಮ್ಮಲೆ ಒಬ್ರು, ಅಂದ್ರೆ ಸೋದರಮಾವ, ನಮ್ಮ ಹುಡುಗಿ ನಮ್ಮ ಮನೆಗೆ ಬರ್ಲಿ ಅಂತ ಎದ್ದು ನಿಂತ್ರೆ ಅವಳಿಗೆ ಬಸಿರು ಉಳಿಸ್ಕೊಳ್ಳುವ ಧೈರ್ಯ ಬರ್ತದೆ, ಅವ್ರೇ ಮುಖ ತಿರುಗಿಸಿದ್ರೆ ಧೈರ್ಯ ಹೋಗ್ತದೆ.

ತವರಿನ ಮಾತು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಬೇಕು, ಯಾಕಂದ್ರೆ ಬಾಣಂತನದ ಯೋಚನೆಯಿಂದ್ಲೇ ಎರಡನೇ ಮಗು ಬೇಡ ಅಂತ ಹೇಳುವ ತಾಯಂದಿರಿರ್ತಾರೆ. ಸೀಮಂತ ಮುಗಿಸಿ ತವರಿಗೆ ಬಂದವಳ ಹತ್ರ ಮೂವತ್ತು ಮಾತ್ರೆಯ ಡಬ್ಬ ಉಂಟು, ಅದನ್ನ ಎಲ್ಲಿ ಇಡುದು? ಲೇಬಲ್ ಕಿತ್ತು ಬೇರೆ ಡಬ್ಬಕ್ಕೆ ಹಾಕುದು, ಕ್ಯಾಲ್ಸಿಯಂ ಅಂತ ಹೇಳುದು, ಇದೆಲ್ಲ ಮಾಡ್ತಾರೆ. ಹೇಳುವಾಗ ಹುಷಾರು, ನಿಜವಾದ ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಯೂ ಬಸುರಿಗೆ ಕೊಡ್ತಾರಲ್ಲ, ಅದನ್ನ ಖಾಲಿ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಜೊತೆಗೇ ನುಂಗಿದ್ರೆ ಎಆರ್‌ಟಿ ಮಾತ್ರೆ ಮೈಗೆ ಸರಿಯಾಗಿ ಹಿಡಿಯುದಿಲ್ಲ, ಊಟದ ಜೊತೆ ಒಟ್ಟಿಗೆ ತಗೊಳ್ಬಹುದು, ಇಲ್ಲದಿದ್ರೆ ಎಆರ್‌ಟಿ ಎರಡು ಗಂಟೆ ಮೊದ್ಲು ಅಥವಾ ಆರು ಗಂಟೆ ನಂತ್ರ. ತಾಯಿಗೆ ವಿಷಯ ಗೊತ್ತಿದ್ರೆ ಹೊತ್ತು ನೋಡಿ ಅವರೇ ನೆನಪು ಮಾಡ್ತಾರೆ. ಗೊತ್ತಿಲ್ಲದಿದ್ರೆ ನೆಂಟರು ತುಂಬಿದ ಮನೆಯಲ್ಲಿ ಒಂದೆರಡು ದಿನ ಮಾತ್ರೆ ತಪ್ಪಿಯೇ ತಪ್ತದೆ, ಅದೂ 32ರಿಂದ 36ನೇ ವಾರದ ಮಧ್ಯೆ, ವೈರಲ್ ಲೋಡ್ ನೋಡಿ ಮಗುವಿಗೆ ಎಷ್ಟು ಔಷಧಿ ಬೇಕು ಅಂತ ತೀರ್ಮಾನ ಮಾಡುವ ಹೊತ್ತಲ್ಲೇ.

ಮಗು ಹುಟ್ಟಿದ ಮೇಲೆ ಎಚ್‌ಐವಿ ತಡೆಯುವ ನೆವಿರಾಪಿನ್ ಸಿರಪ್ ಕೊಡ್ಬೇಕು, ಸಾಮಾನ್ಯವಾಗಿ ಆರು ವಾರ, ತಾಯಿಯ ವೈರಲ್ ಲೋಡ್ ಜಾಸ್ತಿ ಇದ್ರೆ ಇನ್ನೂ ಹೆಚ್ಚು ಸಮಯ ಮತ್ತು ಇನ್ನೊಂದು ಔಷಧಿ ಸೇರಿಸಿ. ಹಸುಗೂಸಿಗೆ ದಿನಾ ಎಂತ ಸಿರಪ್ ಅಂತ ಮಗು ಮೀಯಿಸ್ಲಿಕ್ಕೆ ಬರುವ ಹೆಂಗಸು ಕೇಳ್ತಾರೆ, ಪಕ್ಕದ ಮನೆಯ ಅಜ್ಜಿ ಕೇಳ್ತಾರೆ. ಹಾಲಿನ ವಿಷಯವಂತೂ ಇನ್ನೂ ಸೂಕ್ಷ್ಮ. ನಮ್ಮಲ್ಲಿಯ ಸಲಹೆ ತಾಯಿ ಎಆರ್‌ಟಿಯಲ್ಲಿದ್ದು ಮೊದಲ ಆರು ತಿಂಗಳು ಎದೆಹಾಲು ಮಾತ್ರ ಅಂತ, ಒಂದು ಚಮಚ ನೀರೂ ಬೇಡ. ಯಾಕಂದ್ರೆ ಬೇರೆ ಆಹಾರ ಮಗುವಿನ ಎಳೇ ಕರುಳಿನ ಒಳಪದರವನ್ನ ಕೆರಳಿಸ್ತದೆ, ಆಗ ಹಾಲಿನಲ್ಲಿ ವೈರಸ್ ಇದ್ರೆ ಅದಕ್ಕೆ ಒಳಗೆ ಹೋಗ್ಲಿಕ್ಕೆ ಸುಲಭ. ಆದ್ರೆ ನಮ್ಮ ಮನೆಗಳಲ್ಲಿ ಹುಟ್ಟಿದ ಕೂಡ್ಲೆ ಜೇನು ನೆಕ್ಕಿಸುದುಂಟು, ಬಜೆ ತೇದು ಹಾಕುದುಂಟು, ಅತ್ರೆ ಹೊಟ್ಟೆ ತುಂಬ್ಲಿಲ್ಲ ಅಂತ ದನದ ಹಾಲಿಗೆ ನೀರು ಸೇರಿಸಿ ಕುಡಿಸುದುಂಟು. ಪ್ರೀತಿಯಿಂದ ಮಾಡುದೇ, ಆದ್ರೆ ಈ ಮಗುವಿಗೆ ಅದು ಅಪಾಯ, ಅಜ್ಜಿಯ ಕೈ ಹಿಡಿದು ಬೇಡ ಅಂತ ಹೇಳ್ಬೇಕಾದ್ರೆ ಒಂದು ಕಾರಣ ಕೊಡ್ಬೇಕು. ಡಾಕ್ಟರ್ ಬೇಡ ಹೇಳಿದ್ದಾರೆ ಅಂತಷ್ಟೇ ಹೇಳಿ ಸುಧಾರಿಸುವವ್ರು ಇದ್ದಾರೆ, ಅದು ಸುಳ್ಳಲ್ಲ ಕೂಡ, ಎಲ್ಲ ಮಕ್ಕಳಿಗೂ ಡಾಕ್ಟರ್ ಹೇಳುದು ಅದನ್ನೇ. ಹಿಂದೆ ಎಷ್ಟೋ ತಾಯಂದಿರು ಹೆದರಿ ಬಾಟಲಿ ಹಾಲಿಗೆ ಹೋದದ್ದುಂಟು, ಆಗ ಬಾಟಲಿಯೇ ಗುಟ್ಟು ಹೇಳಿಬಿಡ್ತಿತ್ತು, ಎದೆಯಲ್ಲಿ ಹಾಲಿದ್ದೂ ಯಾಕೆ ಕೊಡುದಿಲ್ಲ ಅಂತ.

ಆ ಮೇಲೆ ಮಗುವಿನ ಪರೀಕ್ಷೆ, ರಕ್ತ ತೆಗೆದು ಆರು ವಾರಕ್ಕೆ, ಮತ್ತೆ ಆರು ತಿಂಗಳಿಗೆ, ವರ್ಷಕ್ಕೆ, ಕೊನೆಗೆ ಒಂದೂವರೆ ವರ್ಷಕ್ಕೆ. ಅಷ್ಟು ಕಾಯುದು ಯಾಕಂದ್ರೆ ತಾಯಿಯ ರಕ್ತದ ಪ್ರತಿಕಾಯಗಳು ಮಗುವಿನ ಮೈಯಲ್ಲಿ 18 ತಿಂಗಳವರೆಗೂ ಇರ್ಬಹುದು, ಅದಕ್ಕಿಂತ ಮೊದ್ಲು ಸಾಮಾನ್ಯ ಎಚ್‌ಐವಿ ಟೆಸ್ಟ್ ಮಾಡಿ ಪಾಸಿಟಿವ್ ಬಂತು ಅಂತ ಅಳುವ ಅಗತ್ಯ ಇಲ್ಲ. ಇಷ್ಟು ಸಲ ಆಸ್ಪತ್ರೆಗೆ ಹೋಗ್ಲಿಕ್ಕೂ ಮನೆಯಲ್ಲಿ ನೆಪ ಬೇಕು.

ಈಗ ಇನ್ನೊಂದು ತಲೆಮಾರು ಬಂದಿದೆ. ತಾಯಿಯಿಂದ ಮಗುವಿಗೆ ಹೋಗದ ಹಾಗೆ ತಡೆಯುವ ಸರ್ಕಾರಿ ಕಾರ್ಯಕ್ರಮ ಶುರು ಆದದ್ದು 2002ರಲ್ಲಿ, ಅದಕ್ಕೆ ಮೊದ್ಲು ಅಥವಾ ಆಸುಪಾಸಿನಲ್ಲಿ ಎಚ್‌ಐವಿ ಜೊತೆಗೇ ಹುಟ್ಟಿದ ಹುಡುಗಿಯರಿಗೆ ಈಗ ಇಪ್ಪತ್ತು ದಾಟಿದೆ. ಎಷ್ಟೋ ಜನರನ್ನ ಅಜ್ಜಿಯೋ ದೊಡ್ಡಮ್ಮನೋ ಸಾಕಿದ್ದು, ಅಪ್ಪಅಮ್ಮ ಇಲ್ಲ. ಇವ್ರಿಗೆ ಮಗುವಿನ ಪ್ರಶ್ನೆ ಮದುವೆಯ ಪ್ರಶ್ನೆಯ ಜೊತೆಗೇ ಬರ್ತದೆ, ಹುಡುಗನ ಮನೆಯವ್ರಿಗೆ ಹೇಳುದಾ, ಹುಡುಗನಿಗೆ ಮಾತ್ರ ಹೇಳುದಾ. ನನ್ನ ಅಭಿಪ್ರಾಯ ಕೇಳಿದ್ರೆ ಹುಡುಗನಿಗೆ ಮದುವೆಗೆ ಮೊದ್ಲೇ ಹೇಳ್ಬೇಕು, ಅವನ ಮನೆಯವ್ರಿಗೆ ಹೇಳುದು ಬಿಡುದು ಅವರಿಬ್ರೂ ಸೇರಿ ತೀರ್ಮಾನ ಮಾಡ್ಲಿ. ಸಾಕಿದ ಅಜ್ಜಿ ಹೆದರಿ ಮದುವೆಯೇ ಬೇಡ, ಮಗು ಅಂತೂ ಬೇಡವೇ ಬೇಡ ಅಂದಿರ್ತಾರೆ, ಆ ಅಜ್ಜಿ ತನ್ನ ಮಗಳನ್ನ ಇದೇ ಕಾಯಿಲೆಗೆ ಕಳ್ಕೊಂಡವ್ರು. ಅವ್ರ ಹತ್ರ ವಾದ ಮಾಡುದಕ್ಕಿಂತ ಅವ್ರನ್ನೂ ಕರ್ಕೊಂಡು ಹೋಗಿ ಎಆರ್‌ಟಿ ಸೆಂಟರಿನಲ್ಲಿ ಕೂರಿಸುದು ಒಳ್ಳೇದು.

ಬೇಡ ಅನ್ನುವ ಹಕ್ಕಿನ ಬಗ್ಗೆಯೂ ಹೇಳ್ಬೇಕು. ಎಚ್‌ಐವಿ ಉಂಟು ಅಂತ ಬಸಿರು ತೆಗೆಸ್ಬೇಕು ಅಂತ ಯಾವ ನಿಯಮವೂ ಇಲ್ಲ, ಮಗು ಹೆರಲೇಬೇಕು ಅಂತಲೂ ಇಲ್ಲ. 2017ರ ಎಚ್‌ಐವಿ ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ, ಎಚ್‌ಐವಿ ಇರುವ ಬಸುರಿಯ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಗರ್ಭಪಾತವಾಗ್ಲಿ ಸಂತಾನಹರಣ ಆಪರೇಷನ್ ಆಗ್ಲಿ ಮಾಡುವ ಹಾಗಿಲ್ಲ ಅಂತ ಅದರಲ್ಲಿ ಸ್ಪಷ್ಟ ಉಂಟು. ಹೆರಿಗೆ ಟೇಬಲ್ ಮೇಲೆ ಮಲಗಿದವಳ ಹತ್ರ ಇದೊಂದು ಸೈನ್ ಹಾಕಿ ಅಂತ ತಗೊಳ್ಳುದು ಒಪ್ಪಿಗೆ ಅಲ್ಲ, ಅತ್ತೆ ಹೂಂ ಅಂದ್ರೂ ಒಪ್ಪಿಗೆ ಅಲ್ಲ. ಅವಳಿಗೇ ಬಸಿರು ಬೇಡ ಅಂತಿದ್ರೆ ಗರ್ಭಪಾತದ ಕಾನೂನಿನಲ್ಲಿ 18 ದಾಟಿದ ಹೆಂಗಸಿಗೆ ಅವಳ ಒಪ್ಪಿಗೆ ಮಾತ್ರ ಸಾಕು, ಗಂಡನ ಸಹಿ ಕೇಳ್ಲಿಕ್ಕಿಲ್ಲ. ಅದೇ ಎಚ್‌ಐವಿ ಕಾಯ್ದೆಯಲ್ಲಿ ಇನ್ನೆರಡು ಮಾತು ಎಲ್ಲ ಹೆಂಗಸರೂ ತಿಳ್ಕೊಂಡಿರ್ಬೇಕು. ಒಟ್ಟಿಗೆ ವಾಸವಾಗಿರುವ ಮನೆಯಲ್ಲಿ ಇರುವ ಹಕ್ಕು ಅವಳಿಗುಂಟು, ಎಚ್‌ಐವಿ ಕಾರಣಕ್ಕೆ ಹೊರಗೆ ಹಾಕ್ಲಿಕ್ಕಿಲ್ಲ. ಮತ್ತೆ ಹೇಳಿದ್ರೆ ಹೊಡೆತ ಬೀಳ್ತದೆ, ಮನೆ ಬಿಡಿಸ್ತಾರೆ ಅನ್ನುವ ಭಯಕ್ಕೆ ಸರಿಯಾದ ಕಾರಣ ಇದ್ರೆ ಆಸ್ಪತ್ರೆಯವ್ರು ಗಂಡನಿಗೂ ಅವಳ ವಿಷಯ ಹೇಳುವ ಹಾಗಿಲ್ಲ. ನೆಂಟರಿಗೆ, ಅತ್ತೆಮಾವನಿಗೆ ಅವಳನ್ನ ಕೇಳದೆ ಹೇಳುದಂತೂ ತಪ್ಪೇ.

ಹಾಗಾದ್ರೆ ಎಂತ ಮಾಡುದು? ಎಲ್ಲರಿಗೂ ಹೇಳಿಬಿಡು ಅಂತ ಸಲಹೆ ಕೊಡುದು ಸುಲಭ, ಹೇಳಿ ಬೀದಿಗೆ ಬಿದ್ರೆ ಸಲಹೆ ಕೊಟ್ಟವ್ರು ಬರುದಿಲ್ಲ. ನಂಗೆ ಸರಿ ಅನಿಸುದು ಒಬ್ರನ್ನ ಆರಿಸ್ಕೊಳ್ಳುದು. ಬಸಿರಾಗುವ ಮೊದ್ಲೇ, ಹೆರಿಗೆಯಿಂದ ಮಗುವಿನ ಕೊನೆ ಪರೀಕ್ಷೆವರೆಗೂ ಜೊತೆಗೆ ಇರ್ಲಿಕ್ಕೆ ಆಗುವ ಒಬ್ರು, ತಾಯಿ ಆಗ್ಬಹುದು, ಅಕ್ಕ ಆಗ್ಬಹುದು, ಅತ್ತೆಯೇ ಆಗ್ಬಹುದು, ಕೆಲವು ಅತ್ತೆಯಂದಿರು ತಾಯಿಗಿಂತ ಗಟ್ಟಿಯಾಗಿ ನಿಲ್ತಾರೆ. ಅವ್ರಿಗೆ ಹೇಳುವ ದಿನ ಒಬ್ಬಳೇ ಮನೆಯಲ್ಲಿ ಹೇಳುದು ಬೇಡ, ಐಸಿಟಿಸಿ, ಅಂದ್ರೆ ಎಚ್‌ಐವಿ ಪರೀಕ್ಷೆ ಮಾಡಿ ಸಲಹೆ ಕೊಡುವ ಸರ್ಕಾರಿ ಕೇಂದ್ರ, ಅಥವಾ ಎಆರ್‌ಟಿ ಸೆಂಟರಿನ ಕೌನ್ಸೆಲರ್ ಎದುರಲ್ಲಿ ಹೇಳಿದ್ರೆ ಆ ಕ್ಷಣಕ್ಕೇ ಬರುವ ನೂರು ಪ್ರಶ್ನೆಗೆ ಉತ್ತರ ಕೊಡ್ಲಿಕ್ಕೆ ಇನ್ನೊಬ್ರಿರ್ತಾರೆ. ಊರಿನ ಸೆಂಟರಿಗೆ ಹೋದ್ರೆ ಗುರ್ತದವ್ರು ಸಿಗ್ತಾರೆ ಅಂತ ಉಡುಪಿಯವ್ರು ಮಂಗಳೂರಿಗೆ, ಮಂಗಳೂರಿನವ್ರು ಉಡುಪಿಗೆ ಹೋದ್ರೂ ಪರವಾಗಿಲ್ಲ, ಆದ್ರೆ ಬಸ್ಸಿನ ಖರ್ಚು ದೂರ ಎಲ್ಲ ನೋಡಿ, ತಿಂಗಳ ಮಾತ್ರೆ ತಪ್ಪುವ ಹಾಗಾದ್ರೆ ಹತ್ರದ್ದೇ ಒಳ್ಳೇದು. ಕೌನ್ಸೆಲರ್‌ಗಳ ಹತ್ರ ನನ್ನದೊಂದು ಕೋರಿಕೆ, ಸಿಡಿ4 ಎಷ್ಟು, ವೈರಲ್ ಲೋಡ್ ಎಷ್ಟು ಅಂತ ಕೇಳುವ ಮೊದ್ಲು ಮನೆಯಲ್ಲಿ ಯಾರಿಗೆಲ್ಲ ಗೊತ್ತುಂಟು ಅಂತ ಕೇಳಿ. ಮನೆಗೆ ಯಾವ ಹೊತ್ತಲ್ಲಿ ಫೋನ್ ಮಾಡ್ಬಹುದು, ಯಾರು ಎತ್ತಿದ್ರೆ ಎಂತ ಹೇಳ್ಬೇಕು ಅಂತಲೂ ಕೇಳಿಟ್ಕೊಳ್ಳಿ.

ಮತ್ತೆ ನೀವು ಆ ಮನೆಯ ಗಂಡನೋ ಅಕ್ಕನೋ ಆಗಿದ್ರೆ, ನಿಮ್ಗೆ ವಿಷಯ ಗೊತ್ತಿದ್ರೆ, ಇನ್ನೊಬ್ರಿಗೆ ಹೇಳ್ಬೇಡಿ, ಒಳ್ಳೇದಕ್ಕೆ ಅಂತಲೂ ಹೇಳ್ಬೇಡಿ. ವಿಶೇಷ ಎಂತ ಇಲ್ವಾ ಅಂತ ಕೇಳುವವ್ರಿಗೆ ನೀವೇ ಅಡ್ಡ ನಿಂತು ಮಾತು ಬದಲಿಸಿ. ಮಗುವಿನ ಸಿರಪ್ಪಿನ ಹೊತ್ತಿಗೆ ನೆಂಟರನ್ನ ಹಜಾರದಲ್ಲಿ ಕೂರಿಸಿ ಚಾ ಕೊಡಿ. ಯಾರ ಹತ್ರವೂ ಕೇಳ್ಲಿಕ್ಕೆ ಆಗದ ಪ್ರಶ್ನೆ ಇದ್ರೆ ಸರ್ಕಾರದ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಹೆಸರು ಹೇಳ್ಬೇಕು ಅಂತಿಲ್ಲ.